ಕೆಂಪಾಗದ ಬಟ್ಟೆ

“ಗುರುಗಳೇ, ಒಂದು ಕೆಲಸವನ್ನು ಬಿಡುವ ಹೊತ್ತು ಬಂತೆಂದು ಮನುಷ್ಯನಿಗೆ ತಿಳಿಯುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಕೇಳಿದವನು ವರ್ತಕ. ಎತ್ತುಗಳ ಬೆನ್ನಿಗೆ ಉಪ್ಪಿನ ಮೂಟೆ ಹೇರಿಕೊಂಡು ವರ್ಷವರ್ಷವೂ ಘಟ್ಟ ಹತ್ತುವವನು. ಹಾದಿಯಲ್ಲಿ ಚಳಿಜ್ವರವಿತ್ತು, ಕಳ್ಳರಿದ್ದರು, ಅವನಿಗೆ ವಯಸ್ಸೂ ಆಗಿತ್ತು. ಮನೆಯವರು ಸಾಕು ಎನ್ನುತ್ತಿದ್ದರು.

“ನಿನಗೇನನ್ನಿಸುತ್ತದೆ?” ಎಂದರು ಗುರುಗಳು.

“ನಾನೊಂದು ಗುರುತು ಇಟ್ಟುಕೊಂಡಿದ್ದೇನೆ. ಘಟ್ಟದ ಏರಿನಲ್ಲಿ ನನ್ನದೊಂದು ಎತ್ತು ಕುಸಿದುಬಿದ್ದರೆ ಅವತ್ತಿಗೆ ಮುಗಿಯಿತು, ಬಿಟ್ಟೆ. ಇಷ್ಟು ವರ್ಷವಾಯಿತು, ಒಂದೂ ಬಿದ್ದಿಲ್ಲ. ಈ ಸಲವಂತೂ ಹಳೆಯವನ್ನು ಮಾರಿ ಹೊಸ ಎತ್ತು ಕೊಂಡಿದ್ದೇನೆ.”

ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಗುರುಗಳು ಅದು ನಿಲ್ಲುವವರೆಗೆ ಕಾದರು.

“ಗುರುತು ಚೆನ್ನಾಗಿದೆ. ಕೂತುಕೋ. ಒಬ್ಬ ಜಟ್ಟಿಯ ಹೆಂಡತಿಯೂ ಇಂಥದೇ ಒಂದು ಗುರುತು ಇಟ್ಟುಕೊಂಡಿದ್ದಳು,” ಎಂದು ಕತೆ ಶುರುಮಾಡಿದರು.

ಒಂದು ರಾಜ್ಯದಲ್ಲಿ ಒಬ್ಬ ಜಟ್ಟಿ ಇದ್ದ. ಹಿಡಿದು ಕೆಡಹುವ ಕುಸ್ತಿಯವನಲ್ಲ, ಮುಷ್ಟಿಕಾಳಗದವನು. ಕೋಣನ ಕೊಂಬಿನಲ್ಲಿ ಕೊರೆದ ಹಲ್ಲುಪಟ್ಟಿಯನ್ನು ಬೆರಳ ಗೆಣ್ಣಿಗೆ ಬಿಗಿದುಕೊಂಡು ಎದುರಾಳಿಯ ಬೋಳುತಲೆಗೆ ಗುದ್ದುವುದು, ಅವನ ಗುದ್ದಿನಿಂದ ತನ್ನ ಬೋಳುತಲೆಯನ್ನು ತಪ್ಪಿಸಿಕೊಳ್ಳುವುದು, ಇದು ಅವನ ಕಸುಬು. ವರ್ಷಕ್ಕೊಮ್ಮೆ ರಾಜನ ಮುಂದೆ ಕಾಳಗ. ಅಲ್ಲಿ ಬಿದ್ದವನು ಸೋತವನಲ್ಲ, ಎದ್ದು ನಿಂತವನು ಗೆದ್ದವನೂ ಅಲ್ಲ. ಒಗೆದು ಒಣಗಿಸಿದ ಎರಡು ಬಿಳಿ ಬಟ್ಟೆಗಳನ್ನು ಹಿಡಿದುಕೊಂಡು ಒಬ್ಬ ಹಿರಿಯ ನಿಂತಿರುತ್ತಿದ್ದ. ಗುದ್ದಾಟದ ಒಂದೊಂದು ಸುತ್ತು ಮುಗಿದ ಮೇಲೂ ಇಬ್ಬರ ತಲೆಯನ್ನೂ ಒರೆಸಿ ಬಟ್ಟೆಯನ್ನು ರಾಜನಿಗೆ ತೋರಿಸುತ್ತಿದ್ದ. ಯಾರ ಬಟ್ಟೆ ಮೊದಲು ಕೆಂಪಾಯಿತೋ ಅವನು ಸೋತ. ಗೆದ್ದವನಿಗೆ ಶಾಲು, ವರ್ಷದ ಭತ್ತ. ಬಟ್ಟೆಗಳು ಅವರವರ ಮನೆಗೆ ಹೋಗಬೇಕು. ಬಿಳಿಯದು ಗೆದ್ದವನ ಮನೆಗೆ, ಕೆಂಪಿನದು ಸೋತವನ ಮನೆಗೆ. ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಇಟ್ಟುಕೊಳ್ಳುವ ಹಾಗಿಲ್ಲ.

ಜಟ್ಟಿಯ ಹೆಂಡತಿಯೂ ಜಟ್ಟಿಯ ಮಗಳೇ. ಅವಳ ಅಪ್ಪ ಬಿಡುವ ಹೊತ್ತಿಗೆ ಬಿಡದೆ ಕಣದಲ್ಲೇ ತಲೆಯೊಡೆದು ಹೋದವನು. ಹಾಗಾಗಿ ಮದುವೆಯಾಗಿ ಬಂದವಳು ಮೊದಲು ಕೇಳಿದ್ದೇ ಅದನ್ನು.

“ಯಾವತ್ತು ಬಿಡ್ತೀರಿ?”

“ಇನ್ನೂ ಶುರುವೇ ಸರಿಯಾಗಿ ಆಗಿಲ್ಲ, ಬಿಡೋ ಮಾತಾಡ್ತೀಯಲ್ಲೇ.”

“ನಮ್ಮಪ್ಪನೂ ಹೀಗೇ ಅಂತಿದ್ದ. ದಿನ ಹೇಳಿ.”

ಅವನು ಯೋಚಿಸಿದ. “ಬಟ್ಟೆ ಕೆಂಪಾದ ದಿನ. ಒಂದೇ ಒಂದು ಹನಿ ಸಾಕು. ಅವತ್ತೇ ಕೊಂಬನ್ನ ಕೆರೆಗೆ ಎಸೀತೀನಿ. ನಿನ್ನ ಮೇಲಾಣೆ.”

ಅವಳಿಗೆ ಸಮಾಧಾನವಾಯಿತು. ನಾಳೆ ಬಿಡುತ್ತೇನೆ, ಬರುವ ವರ್ಷ ಬಿಡುತ್ತೇನೆ ಎನ್ನುವ ಮಾತಿಗಿಂತ ಇದು ವಾಸಿ. ಎಲ್ಲರ ಕಣ್ಣಿಗೆ ಕಾಣುವ ಗುರುತು, ಎಳೆದಾಡುವುದಕ್ಕೆ ಜಾಗವಿಲ್ಲದ ಕರಾರು. ಆದರೆ ಕರಾರು ಮಾಡಿಕೊಂಡ ಮೇಲೂ ಅವಳು ಹೆಂಡತಿಯೇ. ಗಂಡನ ತಲೆ ಒಡೆಯಲಿ ಎಂದು ಕಾದು ಕೂರಲು ಅವಳಿಂದ ಆಗಲಿಲ್ಲ. ಒಂದು ದಿನ ಪೇಟೆಗೆ ಹೋಗಿ, ತೊಗಲು ಹದಮಾಡುವವರಿಗೆ ಅಳಲೆಕಾಯಿ, ತಂಗಡಿ ತೊಗಟೆ ಮಾರುವ ಶೆಟ್ಟಿಯ ಅಂಗಡಿಯಲ್ಲಿ ನಿಂತಳು.

“ಇದು ತೊಗಲಿಗೆ ಹಾಕೋ ಸರಕು ತಾಯಿ. ನಿಮಗ್ಯಾಕೆ?”

“ತಲೆಗೆ ಹಚ್ಚೋಕೆ.”

“ತಲೆಗಾ?”

“ತಲೆ ಮೇಲಿರೋದೂ ತೊಗಲೇ ಅಲ್ವಾ ಶೆಟ್ರೇ.”

ಶೆಟ್ಟಿ ನಕ್ಕು ತೂಗಿ ಕೊಟ್ಟ. ಕೊಡುವಾಗ ತನಗೆ ಗೊತ್ತಿದ್ದದ್ದನ್ನೂ ಹೇಳಿದ. “ಕೇಳಿಸ್ಕೊಳ್ಳಿ. ಹದವಾದ ತೊಗಲು ಹೊರಗಿನ ನೀರನ್ನ ಒಳಗೆ ಬಿಡಲ್ಲ. ಒಳಗಿರೋದನ್ನ ಹೊರಗೂ ಬಿಡಲ್ಲ.”

ಅವಳು ಮೊದಲ ಮಾತನ್ನು ಕೇಳಿಸಿಕೊಂಡು ಮನೆಗೆ ಬಂದಳು.

ಅಂದಿನಿಂದ ದಿನವೂ ಕಷಾಯ ಕುದಿಸಿ, ಆರಿಸಿ, ಗಂಡನ ತಲೆಗೆ ತಿಕ್ಕಿದಳು. ವಾಸನೆಗೆ ಅವನು ಮೂಗು ಮುಚ್ಚಿಕೊಳ್ಳುತ್ತಿದ್ದ. “ಗಂಡನ್ನ ಸಾಕ್ತಿದ್ದೀಯೋ, ಚಪ್ಪಲಿ ಮಾಡ್ತಿದ್ದೀಯೋ,” ಎನ್ನುತ್ತಿದ್ದ. ಅವಳು ನಗುತ್ತ ಇನ್ನಷ್ಟು ತಿಕ್ಕುತ್ತಿದ್ದಳು. ತಲೆಯ ಚರ್ಮ ಕಪ್ಪಾಯಿತು, ದಪ್ಪವಾಯಿತು, ಗಟ್ಟಿಯಾಯಿತು. ವರ್ಷಕ್ಕೊಂದು ಬಿಳಿ ಬಟ್ಟೆ ಮನೆಗೆ ಬಂತು. ಅವಳು ಮಡಿಸಿ ಪೆಟ್ಟಿಗೆಯಲ್ಲಿಟ್ಟಳು. ಜೊತೆಗೆ ಭತ್ತವೂ ಬಂತು. ಗರಡಿಗೆ ಹುಡುಗರು ಬಂದರು. ಗಂಡ ಗೆಲ್ಲುವ ಮನೆಯಲ್ಲಿ ಒಲೆ ಆರುವುದಿಲ್ಲ. ಅವಳ ಲೆಕ್ಕ ಸರಿಯಾಗಿತ್ತು.

ಸರಿಯಿಲ್ಲದ್ದು ಬೇರೊಂದಿತ್ತು. ಮೊದಲು ಜಟ್ಟಿ ಗುದ್ದು ತಪ್ಪಿಸಿಕೊಳ್ಳುತ್ತಿದ್ದ. ಅವನ ಹೆಸರು ಮೇಲೆ ಬಂದದ್ದೇ ಆ ಚುರುಕಿನಿಂದ. ತಲೆ ಗಟ್ಟಿಯಾದ ಮೇಲೆ ಆ ಕಷ್ಟ ಯಾಕೆ ಎನಿಸಿತು. ಗುದ್ದು ತಿಂದುಕೊಂಡೇ ಹತ್ತಿರ ನುಗ್ಗಿ ಹೊಡೆಯುವುದು ಸಲೀಸು. ಒಂದು ಹೊಡೆಯಲು ನಾಲ್ಕು ತಿಂದ. ನಾಲ್ಕು ತಿಂದರೂ ಬಟ್ಟೆ ಬಿಳಿ. ಸೋತವರು ಹೊಟ್ಟೆಯುರಿಯಿಂದ ಆಡಿಕೊಂಡರು. “ಅದು ತಲೆ ಅಲ್ಲ ಕಣೋ, ಮದ್ದಳೆ. ಬಾರಿಸಿದರೆ ಸದ್ದು ಬರುತ್ತೆ, ರಕ್ತ ಬರಲ್ಲ.” ಆ ಮಾತು ಕಿವಿಗೆ ಬಿದ್ದಾಗ ಜಟ್ಟಿ ಮೀಸೆ ತಿರುವಿಕೊಂಡ.

ಆಮೇಲೆ ಒಂದೊಂದಾಗಿ ಕಾಣಿಸತೊಡಗಿತು. ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದರೆ ನೆಲಕ್ಕೆ ಬೀಳುತ್ತಿತ್ತು. ಮಗಳನ್ನು ಎಂದೋ ಸತ್ತುಹೋದ ತನ್ನ ತಂಗಿಯ ಹೆಸರಿನಿಂದ ಕರೆದ. ನಡುಹಗಲಲ್ಲಿ ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂತ. ಸಾರಿಗೆ ಉಪ್ಪಿಲ್ಲವೆಂದು ಮುಷ್ಟಿ ಉಪ್ಪು ಹಾಕಿಕೊಂಡು, ಮರುಗಳಿಗೆ ಅದೇ ಸಾರು ಉಪ್ಪೆಂದು ತಟ್ಟೆ ಎಸೆದ. ಎಸೆದದ್ದನ್ನೂ ಮರೆತು “ಊಟ ಹಾಕಲ್ವಾ?” ಎಂದು ಕೇಳಿದ.

“ಸಾಕು. ಬಿಟ್ಟುಬಿಡಿ,” ಎಂದಳು ಅವಳು.

“ಯಾಕೆ? ಸೋತಿದ್ದೀನಾ?”

“ನೀವು ಸರಿಯಿಲ್ಲ.”

“ಪೆಟ್ಟಿಗೆ ತೆಗಿ.”

ತೆಗೆದಳು.

“ಒಂದಾದರೂ ಕೆಂಪಿದೆಯಾ ನೋಡು.”

ಅವಳು ನೋಡಲಿಲ್ಲ. ನೋಡುವುದೇನಿತ್ತು, ಮಡಿಸಿಟ್ಟವಳು ಅವಳೇ. ಕರಾರು ಕರಾರೇ. ಅಳತೆಗೋಲನ್ನು ಒಪ್ಪಿಕೊಂಡವಳು ತಾನು, ಈಗ ಅದು ಸುಳ್ಳು ಹೇಳುತ್ತಿದೆ ಎಂದರೆ ಕೇಳುವವರು ಯಾರು?

ಅಂದು ಶೆಟ್ಟಿಯ ಎರಡನೆಯ ಮಾತು ಅವಳಿಗೆ ನೆನಪಾಯಿತು.

ಅಂದಿನಿಂದ ಕಷಾಯ ನಿಲ್ಲಿಸಿದಳು. ಅವನಿಗೆ ತಿಳಿಯದಿರಲೆಂದು ಬರೀ ನೀರಿಗೆ ಬಣ್ಣಕ್ಕಷ್ಟು ಕೆಮ್ಮಣ್ಣು ಕದಡಿ ತಿಕ್ಕಿದಳು. ಜೀವನದಲ್ಲಿ ಮೊದಲ ಸಲ ಗಂಡನ ನೆತ್ತರಿಗಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆ ವರ್ಷದ ಎದುರಾಳಿ ಹೊಸ ಹುಡುಗ, ಕೈ ಭಾರ. ಅವನ ಗುದ್ದಿನ ಸದ್ದು ಹೆಂಗಸರು ಕೂತಿದ್ದ ಕಡೆಗೂ ಕೇಳಿಸಿತು. ಹಿರಿಯ ಒರೆಸಿ ಬಟ್ಟೆ ಎತ್ತಿ ಹಿಡಿದ. ಬಿಳಿ. ಹದವಾದ ತೊಗಲು ಮತ್ತೆ ಹಸಿಯಾಗುವುದಿಲ್ಲ.

ಮುಂದಿನ ಕಾಳಗಕ್ಕೆ ಮೊದಲು ಅವಳು ಬಟ್ಟೆ ಹಿಡಿಯುವ ಹಿರಿಯನ ಮನೆಗೆ ಹೋದಳು.

“ಈ ಸಲ ಒಂದು ಹನಿ ಕೆಂಪು ತೋರಿಸಿಬಿಡಿ. ಕುಂಕುಮವೋ, ಅಡಿಕೆ ರಸವೋ, ಏನಾದರೂ. ನಿಮ್ಮ ಕಾಲು ಹಿಡೀತೀನಿ.”

“ಗೆದ್ದವನನ್ನ ಸೋತ ಅನ್ನಲಾ? ಅದೂ ರಾಜನ ಎದುರಿಗೆ?” ಹಿರಿಯನಿಗೆ ಸಿಟ್ಟು ಬರಲಿಲ್ಲ, ಅರ್ಥವಾಗಲಿಲ್ಲ ಅಷ್ಟೆ. “ಊರಲ್ಲಿರೋ ಜಟ್ಟಿಗಳ ಹೆಂಡಂದಿರೆಲ್ಲ ಬಂದು ಗಂಡನ ಬಟ್ಟೆ ಬಿಳಿ ಮಾಡಿಕೊಡಿ ಅಂತಾರೆ. ನಿನಗೇನು ಬಂತಮ್ಮ?”

“ನಮ್ಮ ಯಜಮಾನರ ಕಣ್ಣು ನೋಡಿದ್ದೀರಾ?”

“ನಾನು ಬಟ್ಟೆ ನೋಡೋನು.”

ಬೇರೆಯವರೂ ಬಟ್ಟೆ ನೋಡುವವರೇ. ರಾಜ ಜಟ್ಟಿಯ ಮೇಲೆ ನೆರೆಯ ಅರಸರೊಂದಿಗೆ ಪಣ ಕಟ್ಟುತ್ತಿದ್ದ. ಗರಡಿಯ ಹುಡುಗರು ಅವನ ಹೆಸರು ಹೇಳಿಕೊಂಡು ಊರೂರಲ್ಲಿ ಮರ್ಯಾದೆ ಪಡೆಯುತ್ತಿದ್ದರು. ನೆಂಟರು ಅವನ ಭತ್ತ ಉಣ್ಣುತ್ತಿದ್ದರು. ಅವನು ಬಿಡಲಿ ಎನ್ನುವವಳು ಅವಳೊಬ್ಬಳೇ. ಅವಳೂ ಅದೇ ಭತ್ತವನ್ನೇ ಕುಟ್ಟುತ್ತಿದ್ದಳು.

ಆ ವರ್ಷವೂ ಜಟ್ಟಿ ಗೆದ್ದ. ಶಾಲು ಹೊದಿಸಿದರು, ಹಾರ ಹಾಕಿದರು, ವಾದ್ಯ ಊದಿಸಿಕೊಂಡು ಮನೆಗೆ ಕರೆತಂದರು. ಅವನು ತನ್ನ ಮನೆಯ ಮುಂದೆ ನಿಲ್ಲಲಿಲ್ಲ. ನೆಟ್ಟಗೆ ನಡೆದು ಬೀದಿಯ ಕೊನೆಯ ಗಾಣಿಗರ ಮನೆಯ ಜಗುಲಿ ಹತ್ತಿ ಕೂತು, ಒಳಗಿನ ಹೆಂಗಸನ್ನು “ನೀರು ತಾರೇ,” ಎಂದು ಕರೆದ. ಗೆದ್ದ ಖುಷಿಯಲ್ಲಿ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಜನ ಹೊಟ್ಟೆ ಹಿಡಿದು ನಕ್ಕರು. ಹೆಂಡತಿ ಹೋಗಿ ಕೈ ಹಿಡಿದಳು. ಅವನು ಮರ್ಯಾದೆಯಿಂದ ಕೈ ಬಿಡಿಸಿಕೊಂಡ.

“ತಾಯಿ, ಇಲ್ಲಿ ಜಟ್ಟಿ ಮನೆ ಯಾವುದು? ಸ್ವಲ್ಪ ತೋರಿಸ್ತೀರಾ?”

ಅವಳು ತೋರಿಸಿದಳು. ಅವನು ಅವಳ ಹಿಂದೆ ಹಿಂದೆಯೇ ಬಂದ.

ಆಮೇಲೆ ಅವನು ಕಣಕ್ಕೆ ಇಳಿಯುವ ಹಾಗಿರಲಿಲ್ಲ. ಇಳಿಯದವನಿಗೆ ಭತ್ತವಿಲ್ಲ. ಹುಡುಗರು ಬೇರೆ ಗರಡಿ ಹುಡುಕಿಕೊಂಡರು, ರಾಜ ಬೇರೆ ಜಟ್ಟಿಯ ಮೇಲೆ ಪಣ ಕಟ್ಟಿದ. ಯಾರೂ ಕೆಟ್ಟವರಾಗಲಿಲ್ಲ. ಬರುವುದನ್ನು ನಿಲ್ಲಿಸಿದರು, ಅಷ್ಟೆ. ಜಟ್ಟಿಗೆ ಮಾತ್ರ ಕಸುಬು ಮುಗಿದಿರಲಿಲ್ಲ. ದಿನ ಬೆಳಗಾದರೆ ಹೆಂಡತಿಯ ಮುಂದೆ ತಲೆ ಬಗ್ಗಿಸಿ ನಿಲ್ಲುತ್ತಿದ್ದ. ಅವಳು ಯಾರೆಂದು ಕೆಲವು ದಿನ ಗೊತ್ತಿರುತ್ತಿತ್ತು, ಕೆಲವು ದಿನ ಇಲ್ಲ.

“ಒರೆಸಿ ನೋಡು.”

ಅವಳು ಒರೆಸುತ್ತಿದ್ದಳು.

“ಬಿಳಿಯಾ?”

“ಬಿಳಿ.”

“ಹಂಗಾದ್ರೆ ಈ ವರ್ಷ ಇಳಿಯೋದೇ.” ಎಂದವನೇ ಕೊಂಬಿನ ಪಟ್ಟಿ ಹುಡುಕಲು ಹೊರಡುತ್ತಿದ್ದ. ಸಿಗದಿದ್ದರೆ ಬರಿಗೈಯಲ್ಲೇ ಕಂಬಕ್ಕೆ ಗುದ್ದುತ್ತಿದ್ದ. ಕೆಲವೊಮ್ಮೆ ತಲೆಯಿಂದ.

ಒಂದು ಬೆಳಿಗ್ಗೆ ಅವಳು ಈಳಿಗೆಮಣೆಗೆ ತನ್ನ ಬೆರಳು ಒತ್ತಿದಳು. ಅವನು ತಲೆ ಬಗ್ಗಿಸಿದಾಗ ಪೆಟ್ಟಿಗೆಯಿಂದ ಒಂದು ಬಿಳಿ ಬಟ್ಟೆ ತೆಗೆದು, ಆ ಬೆರಳನ್ನು ಒಳಗೆ ಮಡಿಸಿ ಹಿಡಿದು ತಲೆ ಒರೆಸಿದಳು. ಆಮೇಲೆ ಅವನ ಮುಂದೆ ಬಿಡಿಸಿ ಹಿಡಿದಳು.

“ನೋಡಿ. ಕೆಂಪು. ನನ್ನ ಮೇಲಾಣೆ ಮಾಡಿದ್ರಿ. ಇನ್ನು ಬಿಡಿ.”

ಜಟ್ಟಿ ಬಟ್ಟೆಯನ್ನು ಕೈಗೆ ತೆಗೆದುಕೊಂಡ. ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದ. ಎಷ್ಟೋ ದಿನದಿಂದ ಕಾಣದಿದ್ದ ಒಂದು ತಿಳಿವು ಅವನ ಮುಖದಲ್ಲಿ ಬಂತು.

“ಪಾಪ,” ಎಂದ. “ಯಾವ ಹುಡುಗ? ಜೋರಾಗಿ ಬಿತ್ತಾ ಅವನಿಗೆ?”

ಬಟ್ಟೆಯನ್ನು ನಾಜೂಕಾಗಿ ಮಡಿಸಿ ಅವಳ ಕೈಗೆ ಕೊಟ್ಟ.

“ಇದು ನಮ್ಮ ಮನೇದಲ್ಲ. ಅವರ ಮನೆಗೆ ಕಳಿಸು.”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ವರ್ತಕನಲ್ಲವೇ, ನಷ್ಟ ಎಲ್ಲಿಂದ ಶುರುವಾಯಿತೆಂದು ಹುಡುಕುವ ಬುದ್ಧಿ. “ಹೆಂಗಸು ಎಡವಿದಳು, ಗುರುಗಳೇ,” ಎಂದ. “ಗುರುತು ಇಟ್ಟುಕೊಂಡವಳು ಅದನ್ನು ಅದರ ಪಾಡಿಗೆ ಬಿಡಬೇಕಿತ್ತು. ಕಾಣಬೇಕಾದದ್ದು ಕಾಣದ ಹಾಗೆ ತಾನೇ ಕೈಯಾರೆ ಮುಚ್ಚಿದಳು. ಅಷ್ಟೂ ತಿಳಿಯಲಿಲ್ಲವೇ ಅವಳಿಗೆ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಹೊಸ ಎತ್ತು ಕೊಂಡೆ ಎಂದೆಯಲ್ಲ, ಹಳೆಯವನ್ನು ಘಟ್ಟದಲ್ಲಿ ಬೀಳುವ ಮೊದಲೇ ಮಾರಿದವರು ಯಾರು?”