ಮೊದಲು ಏಳುವುದು

ಹೊಳೆದಂಡೆಯ ಆಶ್ರಮದಲ್ಲಿ ಗುರುಶಾಂತನಿಗೆ ಹನ್ನೆರಡು ವರ್ಷಗಳಿಂದ ಒಂದೇ ಪಾಠ. ದಿನಾ ಬೆಳಗ್ಗೆ ಗುರುಗಳು ಕೇಳುತ್ತಿದ್ದರು, "ಇವತ್ತು ಎಚ್ಚರವಾದಾಗ ನಿನ್ನೊಳಗೆ ಮೊದಲು ಎದ್ದದ್ದು ಏನು?"

"ನಿಮ್ಮ ಪಾದಸ್ಮರಣೆ, ಬುದ್ಧಿ."

"ಸರಿ. ನಾಳೆ ಬಾ."

ಮೂರು ತಿಂಗಳ ಹಿಂದೆ ಬಂದ ತ್ರಿಲೋಚನ ಆಗಲೇ ಐದನೇ ಪಾಠದಲ್ಲಿದ್ದ. ಗುರುಶಾಂತನಿಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದೆಯ ಹೆಸರು ಹುಡುಕಿ ಪ್ರಯೋಜನವಿಲ್ಲ. ಅವನು ಗುರುಗಳ ಪಕ್ಕ ಊಟಕ್ಕೆ ಕೂತರೆ ಇವನು ತಟ್ಟೆ ಎತ್ತಿಕೊಂಡು ಬೇರೆ ಸಾಲಿಗೆ ಹೋಗುತ್ತಿದ್ದ.

ಆಶ್ರಮದಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಗುರುಗಳ ಮಾತುಗಳನ್ನು ಗುರುಶಾಂತ ಅದರಲ್ಲೇ ಟೈಪ್ ಮಾಡುತ್ತಿದ್ದ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಮೂರು ಸಲ ಹೆಣಗಿದ. ಮೂರು ಸಲವೂ ಅದು ಒಲ್ಲೆ ಎಂದಿತು.

ತ್ರಿಲೋಚನ ಬಂದು ಇಣುಕಿದ. "ಅಣ್ಣಾ, ಇದರ ಫರ್ಮ್‌ವೇರ್ ಹಳೇದು. ಕರೆಂಟ್ ಬಂದ ತಕ್ಷಣ ಒಳಗೆ ಮೊದಲು ಏಳೋದು ಅದೇ. ಅದನ್ನ ಬದಲಾಯಿಸದೆ ಮೇಲೆ ಏನು ಹಾಕಿದ್ರೂ ಕೂರಲ್ಲ."

"ನೀನೇ ಮಾಡಪ್ಪ, ಎಲ್ಲಾ ಬಲ್ಲವನು," ಎಂದು ಗುರುಶಾಂತ ಎದ್ದುಬಿಟ್ಟ.

"ಮಧ್ಯೆ ಕರೆಂಟ್ ಹೋದ್ರೆ ಮಾತ್ರ ಈ ಯಂತ್ರ ಮತ್ತೆ ಏಳಲ್ಲ. ಯುಪಿಎಸ್ ಬ್ಯಾಟರಿ ಬೇರೆ ಸತ್ತಿದೆ. ಹತ್ತು ನಿಮಿಷದ ಕೆಲಸ, ಮಧ್ಯಾಹ್ನದ ಗಂಟೆಯೊಳಗೆ ಮುಗಿಯುತ್ತೆ, ಅಲ್ವಾ ಅಣ್ಣಾ?"

ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಬಾರಿಸಿದರೆ ಆಶ್ರಮದಲ್ಲಿ ಒಂದು ತಾಸು ಮೌನ. ಫ್ಯಾನಿನ ಸದ್ದೂ ಇರಬಾರದೆಂದು ಮೇನ್ ಸ್ವಿಚ್ ಆರಿಸುವುದು ಗುರುಶಾಂತನ ಕೆಲಸ. ಒಂದು ದಿನವೂ ತಪ್ಪಿಸಿದವನಲ್ಲ. ಹತ್ತು ನಿಮಿಷದ ಕೆಲಸವನ್ನು ಈ ಯಂತ್ರ ಅರ್ಧ ಗಂಟೆ ಎಳೆಯುತ್ತದೆಂದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಹೌದೆಂದು ತಲೆಯಾಡಿಸಿದ.

ಗಂಟೆ ಹೊಡೆಯಿತು. ಗುರುಶಾಂತ ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟ. ಆರಿಸಿದರೆ ನಿಯಮ ಪಾಲಿಸಿದಂತೆ, ಯಾರೂ ಬೆರಳು ತೋರಿಸುವಂತಿಲ್ಲ. ಯಂತ್ರ ಕೆಡಿಸಿದವನು ತ್ರಿಲೋಚನ ಎಂದಾಗುತ್ತದೆ. ಎಂಥ ಒಳ್ಳೆಯ ನಿಯಮ!

ಕಿಟಕಿಯಲ್ಲಿ ತ್ರಿಲೋಚನ ಕಂಡ. ಅವನ ಬೆನ್ನ ಹಿಂದೆ ಕಂಪ್ಯೂಟರ್ ಪರದೆಯಲ್ಲಿ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಇನ್ನೂ ಅರ್ಧಕ್ಕಷ್ಟೇ ಬಂದಿತ್ತು. ಮೌನದ ಹೊತ್ತು, ಕೂಗುವಂತಿಲ್ಲ. ಅವನು ಇವನತ್ತ ತಿರುಗಿ ಕೈಮುಗಿದು ನಿಂತಿದ್ದ.

ಸ್ವಿಚ್ಚಿನ ಮೇಲಿದ್ದ ತನ್ನ ಕೈಯನ್ನು ನೋಡಿ ಗುರುಶಾಂತನಿಗೇ ಹೇಸಿಗೆಯಾಯಿತು. ಆರಿಸದೆ ಕೈ ಕೆಳಗಿಳಿಸಿದ.

ಅಂದು ಮೌನದ ಉದ್ದಕ್ಕೂ ಸಭಾಂಗಣದ ಫ್ಯಾನು ಕಿರ್ರೆನ್ನುತ್ತಲೇ ಇತ್ತು. ಧ್ಯಾನಕ್ಕೆ ಕೂತವರೆಲ್ಲ ಒಂದು ಕಣ್ಣು ತೆರೆದು ಗುರುಶಾಂತನನ್ನು ನೋಡಿದರು.

ಮೌನ ಮುಗಿದ ಮೇಲೆ ಗುರುಗಳು ಕರೆಸಿದರು.

"ಯಂತ್ರ ಸರಿಹೋಯಿತಂತೆ. ನೀನು ಉಳಿಸಿದೆ ಅಂತ ತ್ರಿಲೋಚನ ಹೇಳಿದ."

"ಉಳಿಸಲಿಲ್ಲ, ಬುದ್ಧಿ. ಕೆಟ್ಟುಹೋಗ್ಲಿ, ಅವನ ಮುಖಕ್ಕೆ ಮಸಿ ಬಳಿದಂತಾಗ್ಲಿ ಅಂತ ಸ್ವಿಚ್ಚಿನ ಮೇಲೆ ಕೈಯಿಟ್ಟಿದ್ದೆ."

"ಕೈಯ ಮಾತು ಆಮೇಲೆ. ಇವತ್ತು ಎಚ್ಚರವಾದಾಗ ನಿನ್ನೊಳಗೆ ಮೊದಲು ಎದ್ದದ್ದು ಏನು?"

ಪಾದಸ್ಮರಣೆ ಎಂಬ ಮಾತು ನಾಲಿಗೆ ತುದಿಗೆ ಬಂತು. ಬೆಳಗ್ಗೆಯೂ ಅದನ್ನೇ ಹೇಳಿದ್ದ. ಈಗ ನುಂಗಿಕೊಂಡ.

"ತ್ರಿಲೋಚನ, ಬುದ್ಧಿ. ಅವನು ಬಂದ ದಿನದಿಂದ ಅವನೇ. ಅದಕ್ಕೆ ಮೊದಲು ಬೇರೆ ಯಾರೋ ಇರ್ತಿದ್ರು. ನಿಮ್ಮ ಪಾದ ಒಂದು ದಿನವೂ ಇರಲಿಲ್ಲ."

ಗುರುಗಳು ಬಾಯಿತುಂಬ ನಕ್ಕರು. ಹನ್ನೆರಡು ವರ್ಷದಲ್ಲಿ ಗುರುಶಾಂತ ಆ ನಗೆ ಕಂಡಿರಲಿಲ್ಲ.

"ಮೊದಲ ಪಾಠ ಮುಗಿಯಿತು. ನಾಳೆಯಿಂದ ಎರಡನೆಯದು."

ಗುರುಶಾಂತ ಕಾಲಿಗೆ ಬಿದ್ದ. ಕಣ್ಣು ತುಂಬಿತ್ತು. "ಎಷ್ಟು ಹೊತ್ತಿಗೆ ಬರಲಿ, ಬುದ್ಧಿ?"

"ನನ್ನ ಹತ್ತಿರ ಬೇಡ. ಅದನ್ನು ತ್ರಿಲೋಚನ ಹೇಳಿಕೊಡುತ್ತಾನೆ."