ಅಡಿವೆಪ್ಪನ ಟವರಿನ ಅಂದಾಜು

ಗುಡ್ಡದ ಅಜ್ಜಾರ ಮಠದಲ್ಲಿ ದೊಡ್ಡ ದೊಡ್ಡ ಪಂಡಿತರು ಬೆವತು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಜ್ಜಾರು ಒಮ್ಮೆ ದಿಟ್ಟಿಸಿದರೆ ಚಿರತೆ ಕೂಡ ಬಾಲ ಮಡಚಿ ಪಕ್ಕಕ್ಕೆ ಸರಿಯುತ್ತಿತ್ತು. ಸರಿಯದಿದ್ದಾಗ ಅದರ ಕಿವಿ ಹಿಂಡಿ ಸರಿಸಿದವನು ನಾನೇ. ಅದಿರಲಿ, ಇದು ಅಡಿವೆಪ್ಪನ ಕಥೆ.

ಅಡಿವೆಪ್ಪ ಅಜ್ಜಾರ ಶಿಷ್ಯ. ಮೊಬೈಲ್ ಕಂಪನಿಯಲ್ಲಿ ಕೆಲಸ. ಗುಡ್ಡದ ಸುತ್ತಲಿನ ಊರುಗಳಲ್ಲಿ ಆಗ ಯಾರ ಸಿಗ್ನಲ್ಲೂ ಇರಲಿಲ್ಲ. ಅಲ್ಲಿಗೆ ನೆಟ್‌ವರ್ಕ್ ತರಲು ಎಷ್ಟು ಖರ್ಚು ಎಂದು ಅಂದಾಜು ಬರೆಯುವುದು ಅವನ ಪಾಲಿಗೆ ಬಂದಿತ್ತು.

ಒಂದು ಸಂಜೆ ಮಠಕ್ಕೆ ಬಂದವನು ಅಜ್ಜಾರ ಎದುರು ಕುಳಿತ.

“ಯಾಕ ತಮ್ಮಾ, ಮಾರಿ ಸಣ್ಣದಾಗೇತಿ?”

“ಅಂದಾಜು ಕೂಡವಲ್ದು ಅಜ್ಜಾರ. ಕಂಪನಿಯವರು ಮೂರು ಟವರಿಗಿಂತ ಹೆಚ್ಚಿಗಿ ರೊಕ್ಕ ಹಾಕಂಗಿಲ್ಲ. ಕಬ್ಬಿಣ, ಬ್ಯಾಟರಿ, ಡೀಸೆಲ್, ಜಾಗದ ಬಾಡಿಗಿ, ಎಲ್ಲಾ ಜಗ್ಗಾಡಿ ನೋಡೀನಿ. ಮೂರರಾಗ ಎಲ್ಲಾ ಊರೂ ಬರತಾವ. ಕುರಿಹಟ್ಟಿ ಒಂದು ಉಳೀತೈತಿ.”

“ನಾಕನೇದು ಬರಿ.”

“ಬರದರ ಇಡೀ ಕೆಲಸಾನ ಬ್ಯಾಡ ಅಂತಾರ. ನಾಳೆ ಕಳಸಬೇಕು. ಹಟ್ಟಿ ಬಿಡಲೇನ್ರಿ?”

ಕುರಿಹಟ್ಟಿಯ ದ್ಯಾಮವ್ವ ಮಠಕ್ಕೆ ಹಾಲು ತಂದವಳು ಬಾಗಿಲಲ್ಲೇ ನಿಂತಿದ್ದಳು.

“ನನ್ನನ್ಯಾಕ ಕೇಳತಿ? ಅಕೀನ್ನ ಕೇಳು” ಎಂದರು ಅಜ್ಜಾರು.

“ಏನಂತ ಹೇಳ್ಲಿ ಯಪ್ಪಾ” ಎಂದಳು ದ್ಯಾಮವ್ವ. “ಸೊಸೀಗೆ ಬ್ಯಾನಿ ಎದ್ದಾಗ ಆಂಬುಲೆನ್ಸ್ ಕರಿಯಾಕ ನನ್ನ ಮಗ ಸಿಗ್ನಲ್ ಇರೂ ಪ್ಯಾಟಿತನಾ ಓಡಿದ. ಗಾಡಿ ಬರೂದ್ರಾಗ ಮೊಮ್ಮಗ ಹುಟ್ಟಿ, ಯಾರು ಬಂದ್ರಂತ ನೋಡಾಕತ್ತಿದ್ದ. ಅಕಿ ಈಗ ಮತ್ತ ಬಸಿರದಾಳ. ದಿನಾ ಒಂದ ನಮೂನಿ ಇರತಾವೇನು?”

ಅಡಿವೆಪ್ಪ ಅಂದಾಜಿನ ಕಾಗದ ತೆಗೆದು ಅಜ್ಜಾರ ಮುಂದಿಟ್ಟ.

ಅಜ್ಜಾರು ಕಲ್ಲು ತರಿಸಿದರು. ತಂದವನು ನಾನೇ. ಒಂದೊಂದೂ ಎಮ್ಮೆಯಷ್ಟಿತ್ತು. ಅವನ್ನು ನೆಲದ ಮೇಲೆ ಜೋಡಿಸಿ, “ಇವು ಗುಡ್ಡ” ಎಂದರು. ಸಂದಿಯಲ್ಲಿ ಜೋಳದ ಕಾಳು ಇಟ್ಟು, “ಇವು ಊರು” ಎಂದರು. ಮೂರು ಹಣತೆ ಹಚ್ಚಿ ಅಡಿವೆಪ್ಪನ ಕೈಗೆ ಕೊಟ್ಟರು.

“ಇವು ನಿನ್ನ ಟವರು. ಎಲ್ಲೆಲ್ಲಿ ಬರದೀ, ಇಡು.”

ಅಡಿವೆಪ್ಪ ಮೊದಲ ಹಣತೆಯನ್ನು ಎರಡೂ ಕೈಯಲ್ಲಿ ಹಿಡಿದು ಮಠದ ಗುಡ್ಡದ ಮೇಲಿಟ್ಟ. ಉಳಿದೆರಡನ್ನು ಅತ್ತಿತ್ತ ಇಟ್ಟ. ಕಾಳೆಲ್ಲ ಬೆಳಗಿದವು. ಕುರಿಹಟ್ಟಿಯ ಕಾಳು ಮಾತ್ರ ಕಲ್ಲಿನ ನೆರಳಲ್ಲಿ ಕಾಣಲಿಲ್ಲ.

ಅಜ್ಜಾರು ಮೊದಲನೇ ಹಣತೆ ಎತ್ತಿ ಪಕ್ಕದ ಕೋಳಿಗುಡ್ಡದ ಮೇಲಿಟ್ಟರು.

“ಯವ್ವಾ, ನಮ್ಮ ಹಟ್ಟಿ” ಎಂದಳು ದ್ಯಾಮವ್ವ.

“ಎಣ್ಣಿ ಹೆಚ್ಚಿಗಿ ಹತ್ತಿತೇನು?” ಎಂದು ಅಜ್ಜಾರು ಕೇಳಿದರು.

“ಇಲ್ರಿ.”

“ಯಾವುದಾರ ಊರು ಕತ್ತಲಾತೇನು?”

“ಇಲ್ರಿ. ಮಠ ಒಂದು ಕತ್ತಲಾತು.”

“ಮತ್ತ ಈ ದೀಪ ಮೊದಲು ಮಠದ ಗುಡ್ಡದ ಮ್ಯಾಲ ಯಾಕ ಇಟ್ಟಿದ್ದಿ?”

ಅಡಿವೆಪ್ಪ ಆ ಖಾಲಿ ಕಲ್ಲಿನ ಮೇಲೆ ಕೈಯಿಟ್ಟ.

“ಗುರುಗಳ ಜಾಗಕ್ಕ ಸಿಗ್ನಲ್ ಇರಲೇಬೇಕಂತ ಮೊದಲ ಇಟ್ಟಬಿಟ್ಟಿದ್ದೆ. ಅದನ್ನ ಬದಲಿ ಮಾಡಬಹುದಂತ ಹೊಳೀಲೇ ಇಲ್ಲ.”

“ನಿನ್ನ ಭಕ್ತಿ ಒಂದು ಟವರಿನಷ್ಟು ತುಟ್ಟಿ ಆತಲ್ಲೋ.”

ಅಡಿವೆಪ್ಪ ನಕ್ಕುಬಿಟ್ಟ. ಅಲ್ಲೇ ಕುಳಿತು ಅಂದಾಜಿನಲ್ಲಿ ಮಠದ ಗುಡ್ಡ ಎಂದಿದ್ದುದನ್ನು ಹೊಡೆದುಹಾಕಿ ಕೋಳಿಗುಡ್ಡ ಎಂದು ಬರೆದ. ದ್ಯಾಮವ್ವ ಯಾರೂ ಹೇಳದೆಯೇ ಒಳಗೆ ಹೋಗಿ ಎಲ್ಲರಿಗೂ ಹಾಲು ಕಾಸಿ ತಂದಳು. ನಾನು ಒಂದು ಕೊಡ ಕುಡಿದೆ.

ಹೊರಡುವಾಗ ಅಡಿವೆಪ್ಪ ಕಾಲಿಗೆ ಬಿದ್ದು ಏಳದೆ ಉಳಿದ.

“ಮತ್ತೇನೋ?”

“ನಾ ದೂರ ಇರಾಂವ ಅಜ್ಜಾರ. ಇನ್ನ ದಿನಾ ಫೋನ್ ಮಾಡಿ ನಿಮ್ಮನ್ನ ಕೇಳಬಹುದಂತ ಆಸಿ ಇತ್ತು. ಈಗ ಮಠಕ್ಕ ಸಿಗ್ನಲ್ ಬರಂಗಿಲ್ಲ, ನನ್ನ ಪ್ರಶ್ನಿ ಹೆಂಗ ಕೇಳ್ಲಿ?”

ಅಜ್ಜಾರು ಅವನ ಬೆನ್ನು ತಟ್ಟಿ ಎಬ್ಬಿಸಿದರು.

“ನಡಕೊಂತ ಬಾ, ತಮ್ಮಾ. ಅರ್ಧ ಪ್ರಶ್ನಿ ಹಾದ್ಯಾಗ ಉದುರತಾವ. ಉಳದದ್ದು ಕೇಳು.”