ಹದಿನಾರರಲ್ಲೊಂದು ಪಾಲು

ಕರಡಿಗುಡ್ಡದ ಪಾಳೆಯಗಾರ ಸರ್ಜಪ್ಪ ನಾಯಕನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಅಲ್ಲ ಅನ್ನುವುದಕ್ಕೆ ಆಸ್ಥಾನದಲ್ಲಿ ಯಾರಿಗೂ ಎರಡು ತಲೆ ಇರಲಿಲ್ಲ.

ಒಂದು ದಿನ ಅವನು ಮಗಳು ಪುಟ್ಟವ್ವೆಯ ಪಾಠ ಕೇಳಲು ಕೂತ. ಪಾಠ ಹೇಳುವ ರೇವಣಯ್ಯ ಐಗಳು ಮರಳಿನ ಮೇಲೆ ಗುಂಡಗೆ ರೊಟ್ಟಿ ಬರೆದು, ಗೆರೆ ಎಳೆದು ತೋರಿಸುತ್ತಿದ್ದರು. "ನೋಡವ್ವಾ, ಎಂಟರಲ್ಲೊಂದು ಪಾಲಿಗಿಂತ ನಾಲ್ಕರಲ್ಲೊಂದು ಪಾಲೇ ದೊಡ್ಡದು."

"ನಿಲ್ಲಿಸಿ!" ಎಂದ ನಾಯಕ. "ಎಂಟು ದೊಡ್ಡದೋ, ನಾಲ್ಕು ದೊಡ್ಡದೋ?"

"ಎಂಟೇ ದೊಡ್ಡದು, ಬುದ್ಧಿ. ಆದರೆ ಪಾಲು ಮಾಡುವಾಗ..."

"ಆದರೆಗೀದರೆ ಬೇಡ. ನನ್ನ ಉಪ್ಪು ತಿಂದು ನನ್ನ ಮಗಳಿಗೇ ತಲೆಕೆಳಗಾದ ಲೆಕ್ಕ ಹೇಳಿಕೊಡ್ತೀರಾ? ಎಂಟರಲ್ಲೊಂದೇ ದೊಡ್ಡದು ಅಂತ ಅವಳೆದುರು ಒಪ್ಪಿಕೊಳ್ಳಿ."

ಐಗಳು ಮಹಾ ಪುಕ್ಕಲರು. ಜಿರಲೆ ಕಂಡರೆ ಮಣೆ ಹತ್ತುವವರು. ಆದರೆ ಲೆಕ್ಕದಲ್ಲಿ ಅದೆಂಥ ಹಠವೋ ಏನೋ, ಒಪ್ಪಲಿಲ್ಲ. ಅವರನ್ನು ಸೆರೆಗೆ ಹಾಕಿದರು. ಸುಗ್ಗಿಯ ಹೊತ್ತಿಗೂ ಒಪ್ಪದಿದ್ದರೆ ಸೀಮೆಯಿಂದಾಚೆ ಅಟ್ಟುವುದು ಎಂದು ಅಪ್ಪಣೆಯಾಯಿತು.

ಐಗಳ ಹೆಂಡತಿ ಚೆನ್ನಬಸವ್ವ ಅಳುತ್ತ ಮಲ್ಲರಸನ ಮನೆಗೆ ಬಂದಳು. ಈ ಮಲ್ಲರಸ ಆಸ್ಥಾನಿಕ. ನಾಯಕನ ಮಾತಿಗೆಲ್ಲ ಹೂಂಗುಟ್ಟಿ, ಕೊನೆಗೆ ತನಗೆ ಬೇಕಾದ್ದನ್ನು ನಾಯಕನ ಬಾಯಲ್ಲೇ ಹೇಳಿಸುವ ಆಸಾಮಿ.

"ಒಂದು ಸಲ ಹೂಂ ಅಂದುಬಿಡಿ ಅಂತ ಕಾಲು ಹಿಡಿದೆ, ಅಣ್ಣಾ. 'ಹೂಂ ಅಂದರೆ ಆ ಮಗು ಜೀವಮಾನವೆಲ್ಲ ತಪ್ಪು ಪಾಲು ಹಂಚುತ್ತೆ ಕಣೇ' ಅಂತಾರೆ. ಇಂಥವರನ್ನು ಕಟ್ಟಿಕೊಂಡು ನಾನೇನು ಮಾಡಲಿ?"

ಮಲ್ಲರಸನಿಗೆ ಅಕ್ಷರ ತಿದ್ದಿಸಿದವರೂ ಅದೇ ಐಗಳು. "ಅಳಬೇಡ ತಾಯಿ. ಐಗಳು ಒಪ್ಪದಿದ್ದರೇನಂತೆ, ನಾಯಕರ ಲೆಕ್ಕವನ್ನು ನಾನು ಒಪ್ಪಿಕೊಳ್ತೀನಿ" ಎಂದ. ಚೆನ್ನಬಸವ್ವ ಇನ್ನೂ ಜೋರಾಗಿ ಅತ್ತಳು.

ಮರುದಿನ ಆಸ್ಥಾನದಲ್ಲಿ ಮಲ್ಲರಸ ಕೈಮುಗಿದು ನಿಂತ. "ಬುದ್ಧಿ, ನಿಮ್ಮ ಲೆಕ್ಕ ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ರೈತರು ಬೆಳೆಯಲ್ಲಿ ನಿಮಗೆ ನಾಲ್ಕರಲ್ಲೊಂದು ಪಾಲು ತಾನೇ ಕೊಡೋದು? ಎಂಥ ಅನ್ಯಾಯ!"

"ಹೌದಲ್ಲವೋ! ಎಂಟರಲ್ಲೊಂದು ಮಾಡು."

"ನಿಮ್ಮ ಘನತೆಗೆ ಎಂಟು ಯಾವ ಮೂಲೆಗೆ, ಬುದ್ಧಿ?"

"ಹಾಗಾದರೆ ಹದಿನಾರರಲ್ಲೊಂದು!" ಎಂದ ನಾಯಕ. ಅಂದ ಮೇಲೆ ಅವನಿಗೇ ಅಯ್ಯೋ ಅನ್ನಿಸಿತು. "ಪಾಪ, ತಡೆದುಕೊಳ್ತಾರೇನೋ?"

"ಹೇಗೋ ಸಹಿಸಿಕೊಳ್ತಾರೆ" ಎಂದ ಮಲ್ಲರಸ.

ಊರೂರಲ್ಲಿ ಡಂಗುರ ಸಾರಿದರು. ರೈತರು ಕಂಬಳಿ ಬಾಯಿಗೆ ಅಡ್ಡ ಹಿಡಿದು ಮೈ ಕುಲುಕಿಸಿದರು. ಕೋಟೆಯ ಮೇಲಿಂದ ನೋಡಿದ ನಾಯಕ ಅವರು ಅಳುತ್ತಿದ್ದಾರೆಂದು ತಿಳಿದು ಬೇಜಾರು ಮಾಡಿಕೊಂಡ.

ಸುಗ್ಗಿ ಬಂತು. ಆ ಸೀಮೆಯಲ್ಲೊಂದು ಪದ್ಧತಿ. ರಾಶಿ ಪೂಜೆಯಾದ ಮೇಲೆ ಕಣದೊಳಗೆ ನಾಯಕನಾದರೂ ಚಪ್ಪಲಿ ಬಿಟ್ಟೇ ಬರಬೇಕು. ಕೊಟ್ಟ ಮಾತಿಗೆ ರಾಶಿಯೆದುರು ತಪ್ಪುವಂತಿಲ್ಲ, ತಪ್ಪಿದರೆ ಮುಂದಿನ ವರ್ಷ ಕಾಳಿಲ್ಲ. ಡಂಗುರದಲ್ಲಿ ಹೇಳಿದಷ್ಟು ಸಮ ಗುಡ್ಡೆ ಮಾಡುವುದು, ಅದರಲ್ಲೊಂದು ನಾಯಕನದು, ಮಿಕ್ಕಿದ್ದು ರೈತರದು.

ನಾಯಕ ಮಗಳ ಕೈಹಿಡಿದು ಬರಿಗಾಲಲ್ಲಿ ಬಂದು ನಿಂತ. ಕೊನೆಯ ಮಾತು ಕೇಳುವುದಕ್ಕೆಂದು ಐಗಳನ್ನೂ ಕರೆತಂದಿದ್ದರು. ಜೋಳವನ್ನು ಅಳೆದು ಗುಡ್ಡೆ ಹಾಕತೊಡಗಿದರು.

"ಹೋದ ವರ್ಷ ನಾಲ್ಕೇ ಗುಡ್ಡೆ ಕಣೋ ಮಲ್ಲರಸ! ಈಗ ನೋಡು, ಕಾಲಿಡಲು ಜಾಗವಿಲ್ಲ!" ನಾಯಕ ಕುಣಿಯುವುದೊಂದು ಬಾಕಿ. "ಇದರಲ್ಲಿ ನನ್ನವು ಯಾವುವು?"

"ಅದು, ಬುದ್ಧಿ."

"ಅದರ ಜೊತೆಗೆ?"

"ಜೊತೆಗೆ ಏನಿಲ್ಲ. ಅದೊಂದೇ."

ನಾಯಕ ಆ ಗುಡ್ಡೆಯನ್ನು ಒಂದು ಸುತ್ತು ಹಾಕಿದ. ಸುತ್ತಲು ಹೆಚ್ಚು ಹೊತ್ತು ಹಿಡಿಯಲಿಲ್ಲ. "ಏನೋ ಇದು! ನಾಲ್ಕರಲ್ಲೊಂದಕ್ಕಿಂತ ಚಿಕ್ಕದಾಗಿದೆ!"

ಮಲ್ಲರಸ ಗಾಬರಿಯಿಂದ ಅತ್ತಿತ್ತ ನೋಡಿದ. "ಮೆಲ್ಲಗೆ ಹೇಳಿ, ಬುದ್ಧಿ. ಹಾಗಂದವರನ್ನು ಸೆರೆಗೆ ಹಾಕಬೇಕೆಂದು ನಿಮ್ಮದೇ ಅಪ್ಪಣೆಯಿದೆ. ಐಗಳಿರುವ ಕೋಣೆ ಇಬ್ಬರಿಗೆ ಇಕ್ಕಟ್ಟು."

ನಾಯಕ ಗುಡ್ಡೆ ನೋಡಿದ, ಐಗಳನ್ನು ನೋಡಿದ, ತನ್ನ ಬರಿಗಾಲು ನೋಡಿಕೊಂಡ. ಆಮೇಲೆ ಹೊಟ್ಟೆ ಹಿಡಿದು ನಕ್ಕ. "ಬಿಡ್ರೋ ಐಗಳನ್ನ! ಐಗಳೇ, ನನಗೂ ಲೆಕ್ಕ ಕಲಿಸಿದಿರಲ್ಲ, ಗುರುಕಾಣಿಕೆ ಕೊಡಲೇಬೇಕು. ನನ್ನ ಈ ಗುಡ್ಡೆಯಲ್ಲೇ ಪಾಲು ಕೊಡ್ತೀನಿ. ರಾಶಿಯಾಣೆ, ಎಷ್ಟರಲ್ಲೊಂದು ಬೇಕು ಕೇಳಿ."

ಐಗಳು ಬಾಯಿ ತೆರೆಯುವ ಮೊದಲೇ ಮಲ್ಲರಸನೇ ಮುಂದೆ ಬಂದ.

"ಬುದ್ಧಿ, ಐಗಳು ದೊಡ್ಡ ಅಂಕಿಗೆ ಆಸೆಪಡುವವರಲ್ಲ. ಇರುವುದರಲ್ಲಿ ಚಿಕ್ಕ ಅಂಕಿ ಸಾಕು. ಒಂದರಲ್ಲೊಂದು."

"ಅಷ್ಟೇ ತಾನೆ? ಕೊಟ್ಟೆ!" ಎಂದುಬಿಟ್ಟ ನಾಯಕ. ಆಮೇಲೆ ಮಗಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ. "ಒಂದರಲ್ಲೊಂದು ಅಂದರೆ ಎಷ್ಟಾಗುತ್ತವ್ವಾ?"

"ಎಲ್ಲಾನೂ, ಅಪ್ಪಾಜಿ."